ಎರಡು ಪಟ್ಟಿ, ಒಂದು ಮಂಚ: ಆಂಧ್ರ ಕರಾವಳಿಯ ತುರ್ತು ಚಿಕಿತ್ಸೆಯ ನೂರು ವರ್ಷ

1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದಿಂದ ಬೇರೆಯಾಗಿ ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಮೈಸೂರಿಗೆ ಸೇರಿತು. ಆ ದಿನವನ್ನು ನೆನೆಯುವಾಗ ನಾವು ಭಾಷೆಯ ಮಾತಾಡುತ್ತೇವೆ, ಗಡಿಯ ಮಾತಾಡುತ್ತೇವೆ, ತುಂಗಭದ್ರೆಯ ನೀರಿನ ಮಾತಾಡುತ್ತೇವೆ. ಆಸ್ಪತ್ರೆಯ ಮಾತು ಬರುವುದಿಲ್ಲ. ಆದರೆ ವಿಶಾಖಪಟ್ಟಣ, ಬೆಜವಾಡ (ಇಂದಿನ ವಿಜಯವಾಡ), ಬಳ್ಳಾರಿ, ಮಂಗಳೂರು ಈ ನಾಲ್ಕೂ ಊರುಗಳ ಸರ್ಕಾರಿ ಆಸ್ಪತ್ರೆಗಳು ಅಲ್ಲಿಯವರೆಗೆ ಒಂದೇ ಮದ್ರಾಸ್ ಆಡಳಿತದ ಅಡಿಯಲ್ಲಿ ಬೆಳೆದವು. ಡಾಕ್ಟರ್ ಎಲ್ಲಿ ನಿಲ್ಲಬೇಕು, ನರ್ಸ್ ಎಲ್ಲಿ ನಿಲ್ಲಬೇಕು, ಯಾರ ಮಾತು ಕೇಸ್ ಶೀಟಿನಲ್ಲಿ ದಾಖಲಾಗಬೇಕು, ಯಾರ ಮಾತು ಗಾಳಿಯಲ್ಲೇ ಉಳಿಯಬೇಕು ಎಂಬುದೆಲ್ಲ ಆ ಆಡಳಿತ ರೂಢಿಸಿದ್ದು. ರಾಜ್ಯಗಳು ಬೇರೆಯಾದರೂ ಆ ರೂಢಿ ಎಲ್ಲ ಕಡೆಯೂ ಉಳಿಯಿತು. ಆದ್ದರಿಂದ ಇಂದ್ರಕೀಲಾದ್ರಿಯ ತಪ್ಪಲಿನ ವಿಜಯವಾಡ ಮತ್ತು ಬಂದರಿನ ವಿಶಾಖಪಟ್ಟಣದಲ್ಲಿ ತುರ್ತು ಚಿಕಿತ್ಸೆ ನಡೆದುಬಂದ ದಾರಿಯನ್ನು ನೋಡುವುದೆಂದರೆ ನಮ್ಮದೇ ಜಿಲ್ಲಾಸ್ಪತ್ರೆಗಳ ಚರಿತ್ರೆಯನ್ನು ನೋಡುವುದು. ಆ ಚರಿತ್ರೆಯಿಂದ ನಾನು ಎತ್ತಿ ತೋರಿಸಬೇಕೆಂದಿರುವುದು ಇಷ್ಟೇ: ತುರ್ತು ವಿಭಾಗದಲ್ಲಿ ಡಾಕ್ಟರು ಮತ್ತು ನರ್ಸು ಒಟ್ಟಾಗಿ ಕೆಲಸ ಮಾಡುವುದನ್ನು ಅವರವರ ಒಳ್ಳೆಯತನಕ್ಕೆ ಬಿಟ್ಟರೆ ಸಾಲದು. ಮೊದಲ ತೀರ್ಮಾನ ಬಹುಪಾಲು ನರ್ಸಿನದು. ಅದನ್ನು ನಿಯಮವೇ ಒಪ್ಪಿ ಬರೆದುಕೊಟ್ಟಾಗ ಮಾತ್ರ ಆ ಜೊತೆಗೆಲಸ ನೆಲೆ ನಿಲ್ಲುತ್ತದೆ. ನೂರು ವರ್ಷಗಳಿಂದ ನಾವು ತಪ್ಪಿಸಿಕೊಂಡು ಬಂದಿರುವುದು ಆ ಒಂದು ಬರವಣಿಗೆಯನ್ನೇ.

ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆ ಮತ್ತು ಅದರೊಡನೆ ಬೆಸೆದುಕೊಂಡ ವೈದ್ಯಕೀಯ ಕಾಲೇಜು 1923ರಲ್ಲಿ ಶುರುವಾದವು. ಆಗ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿ ಪಾನಗಲ್ ರಾಜಾ. ಈ ಕಾಲೇಜೇ ಮುಂದೆ ಆಂಧ್ರ ಮೆಡಿಕಲ್ ಕಾಲೇಜ್ ಎಂಬ ಹೆಸರು ಪಡೆಯಿತು. ತೆಲುಗು ಸೀಮೆಯ ಹುಡುಗರು ಡಾಕ್ಟರಿಕೆಯ ಪದವಿ ಪಡೆಯಲು ಮದ್ರಾಸಿಗೇ ಹೋಗಬೇಕಾಗಿದ್ದ ಕಾಲದಲ್ಲಿ ಇದು ದೊಡ್ಡ ಗಳಿಕೆ. ಆದರೆ ಈ ಗಳಿಕೆಯಲ್ಲಿ ಡಾಕ್ಟರಿಗೂ ನರ್ಸಿಗೂ ಸಿಕ್ಕ ಪಾಲು ಒಂದೇ ಅಲ್ಲ. ಮದ್ರಾಸ್ ಪ್ರಾಂತ ಡಾಕ್ಟರುಗಳ ನೋಂದಣಿಗೆ ಕಾನೂನು ಮಾಡಿದ್ದು 1914ರಲ್ಲಿ. ನರ್ಸ್ ಮತ್ತು ಸೂಲಗಿತ್ತಿಯರ ನೋಂದಣಿ ಕಾನೂನು ಬಂದದ್ದು 1926ರಲ್ಲಿ. ಹನ್ನೆರಡು ವರ್ಷದ ಈ ಅಂತರಕ್ಕಿಂತ ಮುಖ್ಯವಾದದ್ದು ಪಟ್ಟಿಗಳು ಎರಡಾದದ್ದು. ಒಂದು ಪಟ್ಟಿ ಡಾಕ್ಟರಿಗೆ ರೋಗವನ್ನು ಗುರುತಿಸುವ, ಮದ್ದು ಬರೆಯುವ ಹಕ್ಕು ಕೊಟ್ಟಿತು. ಇನ್ನೊಂದು ಪಟ್ಟಿ ನರ್ಸಿಗೆ ತರಬೇತಿ ಆಗಿದೆ ಎಂಬ ಪ್ರಮಾಣ ಕೊಟ್ಟಿತು. ಆಕೆ ತಾನಾಗಿ ಏನು ತೀರ್ಮಾನಿಸಬಹುದು ಎಂಬುದನ್ನು ಬಿಡಿಸಿ ಹೇಳಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಈ ಇಬ್ಭಾಗ ಹಾಗೆಯೇ ಮುಂದುವರಿಯಿತು. ನರ್ಸಿಂಗ್ ಪರಿಷತ್ತಿನ ಕೇಂದ್ರ ಕಾನೂನು 1947ರದು, ವೈದ್ಯಕೀಯ ಪರಿಷತ್ತಿನದು 1956ರದು. ಅವುಗಳ ಜಾಗಕ್ಕೆ ಈಗ ಬಂದಿರುವ ಆಯೋಗಗಳ ಕಾನೂನುಗಳು 2019 ಮತ್ತು 2023ರವು. ಪ್ರತಿ ತಲೆಮಾರಿನಲ್ಲೂ ಎರಡು ಕಾನೂನು, ಎರಡು ಕಚೇರಿ, ಎರಡು ಪಠ್ಯಕ್ರಮ. ರೋಗಿ ಮಲಗುವ ಮಂಚ ಮಾತ್ರ ಒಂದೇ.

ಇದಕ್ಕಿಂತ ಬೇರೆಯಾದ ಇನ್ನೊಂದು ದಾರಿಯೂ ಆ ಕಾಲದಲ್ಲೇ, ವಿಜಯವಾಡದಿಂದ ಕೃಷ್ಣಾ ನದಿಯ ಆಚೆಗೆ ಇತ್ತು. 1883ರಲ್ಲಿ ಅಮೆರಿಕದಿಂದ ಗುಂಟೂರಿಗೆ ಬಂದ ಲೂಥರನ್ ಮಿಷನ್ನಿನ ಡಾ. ಆನ್ನಾ ಕುಗ್ಲರ್ 1898ರಲ್ಲಿ ಅಲ್ಲಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ತೆರೆದರು. 1930ರಲ್ಲಿ ತೀರಿಕೊಳ್ಳುವವರೆಗೂ ಗುಂಟೂರೇ ಅವರ ಊರಾಗಿತ್ತು. ವೆಲ್ಲೂರಿನಲ್ಲಿ ಮಿಷನರಿ ಡಾಕ್ಟರ್ ಐಡಾ ಸ್ಕಡರ್ ಡಾಕ್ಟರರ ಕಾಲೇಜಿಗಿಂತ ಮುಂಚೆಯೇ, 1909ರಲ್ಲಿ, ನರ್ಸಿಂಗ್ ಶಾಲೆ ಶುರುಮಾಡಿದರು. ಅದೇ ವೆಲ್ಲೂರು 1946ರಲ್ಲಿ ನರ್ಸಿಂಗಿಗೆ ಪದವಿ ಕೊಟ್ಟ ದೇಶದ ಮೊದಲ ಎರಡು ಕಾಲೇಜುಗಳಲ್ಲಿ ಒಂದಾಯಿತು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹುಟ್ಟಿದ ಫಾದರ್ ಮುಲ್ಲರ್ ಸಂಸ್ಥೆ, ಮೈಸೂರಿನಲ್ಲಿ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ನಮಗೆ ಹತ್ತಿರದ ಉದಾಹರಣೆಗಳು. ಈ ಆಸ್ಪತ್ರೆಗಳಲ್ಲಿ ಸಮಾನತೆ ಇತ್ತೆಂದು ಹೇಳುವುದು ಅತಿಶಯೋಕ್ತಿ. ಅಲ್ಲಿಯೂ ಮೇಲು ಕೀಳಿತ್ತು, ಬಿಳಿಯರು ಕರಿಯರೆಂಬ ಭೇದವೂ ಇತ್ತು. ಆದರೆ ಡಾಕ್ಟರುಗಳ ಸಂಖ್ಯೆ ತೀರ ಕಡಿಮೆ ಇದ್ದುದರಿಂದ, ಆಸ್ಪತ್ರೆ ನಡೆಯಬೇಕಾದರೆ ನರ್ಸನ್ನು ಬೆಳೆಸಲೇಬೇಕು ಎಂಬ ಅರಿವು ಅಲ್ಲಿ ಬೇಗ ಮೂಡಿತು. ಸರ್ಕಾರಿ ವ್ಯವಸ್ಥೆ ಡಾಕ್ಟರನ್ನು ಮೊದಲು ಮಾಡಿ, ಅವನ ಅಗತ್ಯಕ್ಕೆ ತಕ್ಕಷ್ಟು ನರ್ಸುಗಳನ್ನು ಆಮೇಲೆ ಹುಡುಕಿತು. ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂಬ ಈ ವ್ಯತ್ಯಾಸ ಸಣ್ಣದಾಗಿ ಕಂಡರೂ ಅದರ ಫಲ ದೊಡ್ಡದು.

ಎಷ್ಟು ದೊಡ್ಡದೆಂಬುದನ್ನು ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿ ಲೆಕ್ಕ ಹಾಕಿ ತೋರಿಸಿತು. ಆಗಿನ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 6,300 ಜನಕ್ಕೆ ಒಬ್ಬ ಡಾಕ್ಟರ್, ಸುಮಾರು 43,000 ಜನಕ್ಕೆ ಒಬ್ಬ ನರ್ಸ್. ಅಂದರೆ ಒಬ್ಬ ನರ್ಸಿಗೆ ಏಳು ಮಂದಿಯ ಹತ್ತಿರ ಡಾಕ್ಟರುಗಳು. ಪ್ರಪಂಚದ ಯಾವ ಆಸ್ಪತ್ರೆಯೂ ಈ ಲೆಕ್ಕದಲ್ಲಿ ನಡೆಯಲಾರದು. ಒಬ್ಬ ಡಾಕ್ಟರಿಗೆ ಹಲವು ನರ್ಸುಗಳಿರಬೇಕಾದ ಕಡೆ ನಮ್ಮಲ್ಲಿ ಲೆಕ್ಕ ತಲೆಕೆಳಗಾಗಿತ್ತು. ಕಾರಣ ಬರಿಯ ಹಣವಲ್ಲ. ಪರಪುರುಷರ ಮೈ ಮುಟ್ಟುವ, ರಕ್ತ ಮಲಮೂತ್ರ ತೊಳೆಯುವ, ರಾತ್ರಿ ಮನೆಯಾಚೆ ಇರುವ ಕೆಲಸವನ್ನು ಮೇಲುಜಾತಿಯ ಸಮಾಜ ಕೀಳೆಂದು ಕಂಡಿತು. ಆ ಕೆಲಸಕ್ಕೆ ಬಂದವರು ಹೆಚ್ಚಾಗಿ ಕ್ರೈಸ್ತ ಹೆಣ್ಣುಮಕ್ಕಳು, ಆಂಗ್ಲೋ ಇಂಡಿಯನ್ನರು, ವಿಧವೆಯರು. ನರ್ಸುಗಳು ಇರುವ ಮನೆ, ದುಡಿಯುವ ಹೊತ್ತು, ಪಡೆಯುವ ಸಂಬಳ ಎಲ್ಲವೂ ಶೋಚನೀಯವಾಗಿವೆ ಎಂದು ಆ ಸಮಿತಿಯೇ ಕಂಡುಕೊಂಡಿತ್ತು. ಜಾತಿ, ಹೆಣ್ಣುತನ, ಬಡತನ ಮೂರೂ ಸೇರಿ ಕಟ್ಟಿದ ಮೌನ ಅದು. ಡಾಕ್ಟರು ಮತ್ತು ನರ್ಸಿನ ನಡುವಿನ ಅಂತರವನ್ನು ವೃತ್ತಿಯ ಕ್ರಮವೆಂದಷ್ಟೇ ನೋಡುವವರು ಈ ಮೂರನ್ನೂ ಮರೆಯುತ್ತಾರೆ. ವಾರ್ಡಿನಲ್ಲಿ ರೋಗಿಯ ಉಸಿರು ಬದಲಾದದ್ದನ್ನು ಮೊದಲು ಕಂಡವಳು ಅದನ್ನು ಹೇಳಲು ಹಿಂಜರಿದರೆ ಆ ಹಿಂಜರಿಕೆಯ ಬೇರು ಆಸ್ಪತ್ರೆಯ ಕಾಂಪೌಂಡಿನ ಆಚೆಗೂ ಹರಡಿದೆ.

ಇನ್ನು ತುರ್ತು ಕೋಣೆಯ ವಿಷಯ. ನಮ್ಮ ಊರುಗಳಲ್ಲಿ ಎಲ್ಲರೂ ಕ್ಯಾಶುವಾಲ್ಟಿ ಎಂದು ಕರೆಯುವ ಕೋಣೆ ಬಹುಕಾಲ ಚಿಕಿತ್ಸೆಯ ಕೋಣೆಯಾಗಿದ್ದದ್ದಕ್ಕಿಂತ ದಾಖಲೆಯ ಕೋಣೆಯಾಗಿಯೇ ಹೆಚ್ಚು ಬೆಳೆಯಿತು. ಹೊಡೆದಾಟ, ವಿಷಸೇವನೆ, ರಸ್ತೆ ಅಪಘಾತ, ಸುಟ್ಟ ಗಾಯ ಇವೆಲ್ಲ ಮೆಡಿಕೋ ಲೀಗಲ್ ಕೇಸ್ (ಎಂಎಲ್‌ಸಿ) ರಿಜಿಸ್ಟರಿಗೆ ಹೋಗಬೇಕು, ಪೊಲೀಸರಿಗೆ ತಿಳಿಸಬೇಕು, ನಾಳೆ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಆ ರಿಜಿಸ್ಟರಿಗೆ ಸಹಿ ಹಾಕುವ ಅಧಿಕಾರ ಡಾಕ್ಟರಿನದು. ಹೀಗಾಗಿ ಕೋಣೆಯ ನಡುವೆ ಇದ್ದದ್ದು ಮೇಜು, ಗೋಡೆಗೆ ಒತ್ತಿದ್ದು ಮಂಚ. ಅಧಿಕಾರವಿಲ್ಲದ ಆಸ್ಪತ್ರೆ ಇಂಥ ಗಾಯಾಳುವನ್ನು ಮುಟ್ಟಲು ಹೆದರುತ್ತಿತ್ತು. ಸ್ಕೂಟರ್ ಸವಾರನೊಬ್ಬನಿಗೆ ಕಾರು ಗುದ್ದಿದಾಗ, ಹತ್ತಿರದ ಆಸ್ಪತ್ರೆ ಇದು ನಮ್ಮ ವ್ಯಾಪ್ತಿಗೆ ಬರುವ ಕೇಸಲ್ಲ ಎಂದು ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಇನ್ನೊಂದಕ್ಕೆ ಕಳಿಸಿ, ಅವನು ದಾರಿಯಲ್ಲೇ ತೀರಿಹೋದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಪರಮಾನಂದ ಕಟಾರಾ ಪ್ರಕರಣವೆಂದು ಹೆಸರಾದ 1989ರ ಆ ತೀರ್ಪು, ಜೀವ ಉಳಿಸುವುದು ಮೊದಲು, ಕಾನೂನಿನ ಕ್ರಮ ಆಮೇಲೆ ಎಂದು ಸಾರಿತು. ನಮ್ಮ ತುರ್ತು ಚಿಕಿತ್ಸೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. ಆದರೂ ಆ ತೀರ್ಪು ಮಾತಾಡಿದ್ದು ಡಾಕ್ಟರಿನ ಹೊಣೆಯ ಬಗ್ಗೆ. ಬಾಗಿಲಲ್ಲಿ ಗಾಯಾಳುವನ್ನು ಎದುರುಗೊಳ್ಳುವ ನರ್ಸಿನ ಹೊಣೆ ಏನು, ಹಕ್ಕು ಏನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಬಾಗಿಲಿಗೆ ಬರುವವರ ಸಂಖ್ಯೆ ಮಾತ್ರ ವಿಶಾಖಪಟ್ಟಣ, ವಿಜಯವಾಡ ಎರಡೂ ಊರುಗಳಲ್ಲಿ ಏರುತ್ತಲೇ ಹೋಯಿತು. ವಿಶಾಖಪಟ್ಟಣದ ಬಂದರು 1933ರಲ್ಲಿ ತೆರೆಯಿತು. ಹಡಗು ಕಟ್ಟೆ 1941ರಲ್ಲಿ ಬಂತು. 1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳು ಊರಿನ ಮೇಲೆ ಬಾಂಬು ಹಾಕಿದವು. 1957ರಲ್ಲಿ ತೈಲ ಸಂಸ್ಕರಣಾಗಾರ, ಆಮೇಲೆ ಉಕ್ಕಿನ ಕಾರ್ಖಾನೆ, ರಾಸಾಯನಿಕ ಘಟಕಗಳು. 1997ರ ಸೆಪ್ಟೆಂಬರ್ 14ರಂದು ಆ ಸಂಸ್ಕರಣಾಗಾರದಲ್ಲಿ ಅನಿಲ ಸೋರಿ ಹೊತ್ತಿಕೊಂಡ ಬೆಂಕಿ ಸುಮಾರು ಅರವತ್ತು ಜನರನ್ನು ಬಲಿ ತೆಗೆದುಕೊಂಡಿತು. ವಿಜಯವಾಡದ ಕಥೆ ಬೇರೆ ಬಗೆಯದು. ಅದು ದೇಶದ ದೊಡ್ಡ ರೈಲು ಜಂಕ್ಷನ್ನುಗಳಲ್ಲಿ ಒಂದು, ಚೆನ್ನೈ ಕೋಲ್ಕತಾ ಹೆದ್ದಾರಿಯೂ ಹೈದರಾಬಾದಿನ ಹೆದ್ದಾರಿಯೂ ಸೇರುವ ಜಾಗ. 1977ರ ನವೆಂಬರ್ 19ರಂದು, ಆಗ ವಿಜಯವಾಡವೂ ಸೇರಿದ್ದ ಕೃಷ್ಣಾ ಜಿಲ್ಲೆಯ ದಿವಿಸೀಮೆಯನ್ನು ನುಂಗಿದ ಚಂಡಮಾರುತದಲ್ಲಿ ಸತ್ತವರು ಸಾವಿರಾರು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ಊರಿನ ಬಡಾವಣೆಗಳೇ ಮುಳುಗಿದವು. ಅರ್ಜುನ ತಪಸ್ಸು ಮಾಡಿ ಪಾಶುಪತ ಪಡೆದ ಬೆಟ್ಟವೆಂದು ಜನ ನಂಬುವ ಇಂದ್ರಕೀಲಾದ್ರಿಗೆ ಪ್ರತಿ ದಸರೆಯಲ್ಲೂ ಕನಕದುರ್ಗೆಯ ದರ್ಶನಕ್ಕೆ ಲಕ್ಷಗಟ್ಟಲೆ ಭಕ್ತರು ಬರುತ್ತಾರೆ. ಮೂಲಾ ನಕ್ಷತ್ರದ ದಿನ ದೇವಿಗೆ ಸರಸ್ವತಿಯ ಅಲಂಕಾರವಾದಾಗ ಸಾಲು ಬಹುದೂರ ಬೆಳೆಯುತ್ತದೆ. ಬಿಸಿಲು, ಉಪವಾಸ, ನೂಕುನುಗ್ಗಲು. ಎದೆನೋವು, ಸಕ್ಕರೆ ಇಳಿದು ತಲೆತಿರುಗುವುದು, ಮೆಟ್ಟಿಲಲ್ಲಿ ಜಾರುವುದು. ಇವೆಲ್ಲ ಮುಂಚಿತವಾಗಿಯೇ ತಿಳಿದಿರುವ ತುರ್ತುಗಳು.

ಇಂಥ ಹೊತ್ತಿನಲ್ಲಿ ಒಂದೇ ಸಮಕ್ಕೆ ಹತ್ತು ಜನ ಬಂದರೆ ಯಾರನ್ನು ಮೊದಲು ನೋಡಬೇಕು? ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ, ಪದವಿ ನೋಡದೆ ಗಾಯದ ತೀವ್ರತೆ ನೋಡಿ ಸರದಿ ಕಟ್ಟಬೇಕೆಂದು ಯುದ್ಧಭೂಮಿಯಲ್ಲಿ ರೂಢಿ ಮಾಡಿದ. ಅಮೆರಿಕದ ಆಸ್ಪತ್ರೆಗಳಲ್ಲಿ 1960ರ ದಶಕದಲ್ಲಿ ಆ ಸರದಿ ಕಟ್ಟುವ ಕೆಲಸ, ಅಂದರೆ ಟ್ರಯಾಜ್, ನರ್ಸುಗಳ ಕೈಗೆ ಬಂತು. ಬಾಗಿಲಲ್ಲಿ ನಿಂತು ನಾಡಿ, ಉಸಿರು, ಪ್ರಜ್ಞೆ, ಮೈಬಣ್ಣ ಅಳೆದು ಒಂದೆರಡು ನಿಮಿಷದಲ್ಲಿ ತೀರ್ಮಾನಿಸುವ ಕಣ್ಣು ವರ್ಷಗಟ್ಟಲೆ ಅದೇ ಬಾಗಿಲಲ್ಲಿ ನಿಂತವರಿಗೆ ಬರುತ್ತದೆ. ನಮ್ಮ ಬೋಧನಾ ಆಸ್ಪತ್ರೆಗಳಲ್ಲಿ ಹೌಸ್ ಸರ್ಜನ್ ಕೆಲವೇ ವಾರಕ್ಕೆ ಇನ್ನೊಂದು ವಿಭಾಗಕ್ಕೆ ಹೋಗುತ್ತಾನೆ. ಹೆಡ್ ನರ್ಸ್ ಅಲ್ಲೇ ಇರುತ್ತಾಳೆ. ಡಾಕ್ಟರಿನ ಓದು ಆಳವಾದದ್ದು, ನರ್ಸಿನ ನೋಟ ಬಿಡುವಿಲ್ಲದ್ದು. ತುರ್ತಿಗೆ ಎರಡೂ ಬೇಕು. ಭಾರತದಲ್ಲಿ ತುರ್ತು ವೈದ್ಯಶಾಸ್ತ್ರಕ್ಕೆ ಸ್ನಾತಕೋತ್ತರ ವಿಷಯವೆಂಬ ಮನ್ನಣೆ ಸಿಕ್ಕಿದ್ದೇ 2009ರಲ್ಲಿ. ಅದಕ್ಕಿಂತ ಮುಂಚಿನ ಅಷ್ಟೂ ವರ್ಷ, ಆ ಕೋಣೆಯನ್ನೇ ತಮ್ಮ ವೃತ್ತಿಯನ್ನಾಗಿ ಮಾಡಿಕೊಂಡ ತಜ್ಞರಿಲ್ಲದ ಕಡೆ, ಕೋಣೆಯ ಅನುಭವವನ್ನು ಕಾಪಾಡಿಕೊಂಡು ಬಂದವರು ನರ್ಸುಗಳೇ.

ಈ ಅನುಭವ ಡಾಕ್ಟರಿಗೆ ತಲುಪುತ್ತಿದ್ದದ್ದು ಹೇಗೆ? ಅಮೆರಿಕದ ಮನೋವೈದ್ಯ ಲೆನಾರ್ಡ್ ಸ್ಟೈನ್ 1967ರಲ್ಲಿ ಬರೆದ ಹೆಸರಾಂತ ಲೇಖನವೊಂದು ಇದನ್ನು ಬಿಡಿಸಿ ಹೇಳಿತು. ನರ್ಸ್ ಸಲಹೆ ಕೊಡಬೇಕು, ಆದರೆ ಸಲಹೆ ಕೊಟ್ಟಂತೆ ಕಾಣಬಾರದು. ಡಾಕ್ಟರ್ ಸಲಹೆ ಪಡೆಯಬೇಕು, ಆದರೆ ಕೇಳಿದಂತೆ ಕಾಣಬಾರದು. ನಮ್ಮ ಆಸ್ಪತ್ರೆಗಳನ್ನು ಬಲ್ಲ ಯಾರಿಗೂ ಇದು ಹೊಸದಲ್ಲ. ಈ ಬಳಸುದಾರಿ ವಾರ್ಡಿನಲ್ಲಿ ಹೇಗೋ ನಡೆದೀತು, ತುರ್ತಿನಲ್ಲಿ ನಡೆಯದು. ಮಾತನ್ನು ಸುತ್ತಿ ಬಳಸಿ ಹೇಳುವಷ್ಟರಲ್ಲಿ ರೋಗಿಯ ರಕ್ತದೊತ್ತಡ ಕುಸಿದಿರುತ್ತದೆ. 1986ರಲ್ಲಿ ಅಮೆರಿಕದ 13 ಆಸ್ಪತ್ರೆಗಳ ತೀವ್ರನಿಗಾ ಘಟಕಗಳಲ್ಲಿ 5,030 ರೋಗಿಗಳನ್ನು ಕುರಿತು ವಿಲಿಯಂ ಕ್ನಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದಕ್ಕೆ ಬಲವಾದ ಆಧಾರ. ರೋಗದ ತೀವ್ರತೆಯಿಂದ ಲೆಕ್ಕ ಹಾಕಿದರೆ 69 ಜನ ಸಾಯಬೇಕಾಗಿದ್ದ ಒಂದು ಆಸ್ಪತ್ರೆಯಲ್ಲಿ ಸತ್ತವರು 41. ಇನ್ನೊಂದರಲ್ಲಿ ನಿರೀಕ್ಷೆಗಿಂತ ಶೇ. 58ರಷ್ಟು ಹೆಚ್ಚು. ಈ ವ್ಯತ್ಯಾಸಕ್ಕೆ ಯಂತ್ರಗಳಾಗಲಿ, ಬೋಧನಾ ಆಸ್ಪತ್ರೆ ಎಂಬ ಹೆಸರಾಗಲಿ ಕಾರಣವಲ್ಲ, ಡಾಕ್ಟರು ಮತ್ತು ನರ್ಸುಗಳ ನಡುವಿನ ಮಾತುಕತೆ ಮತ್ತು ಹೊಂದಾಣಿಕೆ ಕಾರಣ ಎಂದು ಅವರು ಕಂಡರು. 13 ಆಸ್ಪತ್ರೆಗಳದಷ್ಟೇ, ಹಳೆಯದು, ಬೇರೆ ದೇಶದ್ದು ಎಂಬ ಮಾತು ಸರಿ. ಆದರೂ ಇದು ಮುಟ್ಟಿ ತೋರಿಸುವ ಸಂಗತಿ ನಮ್ಮ ಅನುಭವಕ್ಕೆ ವಿರುದ್ಧವಾದದ್ದಲ್ಲ.

ಇದೆಲ್ಲದರ ನಡುವೆ ಆಂಧ್ರವೇ ದೇಶಕ್ಕೆ ತೋರಿಸಿಕೊಟ್ಟ ಒಂದು ದೊಡ್ಡ ಪಾಠವಿದೆ. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾಯಿತು. ಆಮೇಲೆ ಇಡೀ ರಾಜ್ಯಕ್ಕೆ, ಮುಂದೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳಿಗೆ ಹಬ್ಬಿತು. ಆ ವಾಹನದಲ್ಲಿ ಡಾಕ್ಟರ್ ಇರುವುದಿಲ್ಲ. ಇರುವುದು ತರಬೇತಿ ಪಡೆದ ತುರ್ತು ತಂತ್ರಜ್ಞ, ಅವನ ಕೈಯಲ್ಲಿ ಯಾವ ಲಕ್ಷಣಕ್ಕೆ ಏನು ಮಾಡಬೇಕೆಂಬ ಬರೆದ ಕ್ರಮ, ಸಂದೇಹ ಬಂದರೆ ಫೋನಿನ ಆಚೆ ಒಬ್ಬ ಡಾಕ್ಟರ್. ಅದೇ ವರ್ಷ ಕೇಂದ್ರ ಸರ್ಕಾರ ಹೆರಿಗೆಯ ತುರ್ತುಗಳಲ್ಲಿ ನರ್ಸ್ ಮತ್ತು ಎಎನ್‌ಎಂಗಳು ರಕ್ತಸ್ರಾವ ತಡೆಯುವ ಔಷಧಿಯನ್ನೂ ನಂಜು ಏರಿ ಅಪಸ್ಮಾರ ಬಂದಾಗ ಮ್ಯಾಗ್ನೀಷಿಯಂ ಸಲ್ಫೇಟಿನ ಮೊದಲ ಡೋಸನ್ನೂ ತಾವೇ ಕೊಡಬಹುದೆಂದು ಮಾರ್ಗಸೂಚಿ ಹೊರಡಿಸಿತು. 2004–06ರಲ್ಲಿ ಲಕ್ಷ ಜೀವಂತ ಜನನಕ್ಕೆ 254 ಇದ್ದ ದೇಶದ ತಾಯಂದಿರ ಮರಣ 2018–20ರ ಹೊತ್ತಿಗೆ 97ಕ್ಕೆ ಇಳಿಯಿತು. ಆಂಧ್ರದಲ್ಲಿ 45ಕ್ಕೆ, ಕರ್ನಾಟಕದಲ್ಲಿ 69ಕ್ಕೆ. ಈ ಇಳಿಕೆಗೆ ಆಸ್ಪತ್ರೆ ಹೆರಿಗೆ, ರಸ್ತೆ, ಆಹಾರ, ಹೆಣ್ಣುಮಕ್ಕಳ ಓದು ಹೀಗೆ ಕಾರಣ ಹಲವು. ಒಂದೇ ಆದೇಶಕ್ಕೆ ಎಲ್ಲ ಕೀರ್ತಿ ಸಲ್ಲದು. ಆದರೆ ಒಂದು ಮಾತು ಖಚಿತ: ನರ್ಸಿನ ಕೈಗೆ ಬರೆದುಕೊಟ್ಟ ಅಧಿಕಾರದಿಂದ ಅನಾಹುತವಾಗುತ್ತದೆ ಎಂಬ ಭಯ ನಿಜವಾಗಲಿಲ್ಲ. ಹಾಗಾದರೆ ಓಡುವ ವಾಹನದಲ್ಲಿ ಡಾಕ್ಟರಲ್ಲದವನ ಕೈಗೆ ಕೊಟ್ಟ ಬರೆದ ಕ್ರಮ, ಹೆರಿಗೆ ಕೋಣೆಯಲ್ಲಿ ನರ್ಸಿಗೆ ಕೊಟ್ಟ ಬರೆದ ಕ್ರಮ, ಆಸ್ಪತ್ರೆಯ ತುರ್ತು ವಿಭಾಗದ ಹೊಸಿಲಿಗೆ ಬಂದಾಗ ಮಾತ್ರ ಏಕೆ ನಿಂತುಹೋಗಬೇಕು?

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದಲ್ಲಿ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊರಬಿತ್ತು. ನಿದ್ದೆಯಲ್ಲಿದ್ದವರು ಎದ್ದು ಓಡುತ್ತ ಬೀದಿಯಲ್ಲೇ ಕುಸಿದರು. 12 ಜನ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಅವರಲ್ಲಿ ಬಹಳಷ್ಟು ಮಂದಿಯನ್ನು ಕಿಂಗ್ ಜಾರ್ಜ್ ಆಸ್ಪತ್ರೆಗೆ ಕರೆತಂದರು. ಕೋವಿಡ್ ಲಾಕ್‌ಡೌನಿನ ಕಾಲ ಅದು. ಸ್ಟೈರೀನಿಗೆ ಪ್ರತಿವಿಷವೆಂಬ ಮದ್ದಿಲ್ಲ. ಮಾಡಬೇಕಾದದ್ದು ಆವಿ ಹೀರಿದ ಬಟ್ಟೆ ತೆಗೆಯುವುದು, ಮೈ ಮತ್ತು ಕಣ್ಣು ತೊಳೆಯುವುದು, ಶ್ವಾಸದ ದಾರಿ ತೆರೆದಿಡುವುದು, ಆಮ್ಲಜನಕ ಹಚ್ಚುವುದು, ಉಸಿರು ಬಿಗಿದರೆ ನೆಬ್ಯುಲೈಸರ್ ಕೊಡುವುದು, ರಕ್ತದ ಆಮ್ಲಜನಕ ಇಳಿಯುತ್ತಿದೆಯೇ ಎಂದು ಗಂಟೆಗಟ್ಟಲೆ ಕಾಯುವುದು, ಇಳಿದವರನ್ನು ವೆಂಟಿಲೇಟರಿಗೆ ಹಾಕುವ ತೀರ್ಮಾನವನ್ನು ಸಮಯಕ್ಕೆ ಮಾಡುವುದು. ಈ ಪಟ್ಟಿಯಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮುಖ್ಯವಾಗಿ ನರ್ಸಿನ ಕೆಲಸ. ಆ ಕೊನೆಯದು ಡಾಕ್ಟರಿನದು, ಆದರೆ ಅದು ನರ್ಸ್ ಕೊಡುವ ಸುದ್ದಿಯ ಮೇಲೆ ನಿಂತಿದೆ. ನೂರು ಜನ ಒಟ್ಟಿಗೆ ಬಂದಾಗ ಪ್ರತಿಯೊಬ್ಬರಿಗೂ ಆಮ್ಲಜನಕ ಹಚ್ಚಲು ಡಾಕ್ಟರಿನ ಅಪ್ಪಣೆ ಕಾಯುವುದಾದರೆ ಕೊನೆಯವರ ಸರದಿ ಬರುವುದೇ ಇಲ್ಲ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ಇದೇ ಊರಿಗೆ ಅಪ್ಪಳಿಸಿ ವಿದ್ಯುತ್ತು, ಫೋನು ಎರಡೂ ನಿಂತಾಗಲೂ ಇದೇ ಸತ್ಯ ಎದುರಾಗಿತ್ತು. ಹಿರಿಯ ಡಾಕ್ಟರನ್ನು ಕರೆಯುವ ದಾರಿಯೇ ಇಲ್ಲದಾಗ ಕೋಣೆಯಲ್ಲಿ ಇರುವವರೇ ನಿರ್ಧರಿಸಬೇಕು. ವಿಪತ್ತುಗಳು ಹೊಸ ನಿಯಮ ಹುಟ್ಟಿಸುವುದಿಲ್ಲ. ಪ್ರತಿ ರಾತ್ರಿ ಸದ್ದಿಲ್ಲದೆ ನಡೆಯುತ್ತಿದ್ದುದನ್ನು ಎಲ್ಲರ ಕಣ್ಣಿಗೂ ಕಾಣಿಸುತ್ತವೆ.

ನರ್ಸಿಗೆ ಅಧಿಕಾರ ಬರೆದುಕೊಡುವುದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ರೋಗಿ ಸತ್ತರೆ ಕೋರ್ಟಿನ ಕಟಕಟೆಯಲ್ಲಿ ನಿಲ್ಲುವವರು, ಬಂಧುಗಳ ಸಿಟ್ಟಿಗೆ ಗುರಿಯಾಗುವವರು ಡಾಕ್ಟರು. ಹೊಣೆ ಒಬ್ಬರದು, ಅಧಿಕಾರ ಇನ್ನೊಬ್ಬರದು ಆಗಬಹುದೇ? ಆಗಬಾರದು. ಅದಕ್ಕೇ ಬರವಣಿಗೆ ಬೇಕೆನ್ನುವುದು. ಇಂದು ನರ್ಸ್ ತುರ್ತಿನಲ್ಲಿ ತಾನಾಗಿ ಐವಿ ಲೈನ್ ಹಾಕಿ, ಆಮ್ಲಜನಕ ಹಚ್ಚಿ, ಇಸಿಜಿ ತೆಗೆದು ಆಮೇಲೆ ಡಾಕ್ಟರಿನ ಹೆಸರಲ್ಲಿ ಆದೇಶ ಬರೆಸಿಕೊಳ್ಳುತ್ತಾಳೆ. ಎಲ್ಲ ಸರಿಹೋದರೆ ಕೀರ್ತಿ ಕಾಣದಂತಾಗುತ್ತದೆ, ತಪ್ಪಾದರೆ ಅಪ್ಪಣೆ ಇಲ್ಲದೆ ಮಾಡಿದಳೆಂಬ ಆಪಾದನೆ ಬರುತ್ತದೆ. ಡಾಕ್ಟರೂ ತಾನು ಕಾಣದ ಹೊತ್ತಿನ ಕೆಲಸಕ್ಕೆ ಸಹಿ ಹಾಕಿ ಸಿಕ್ಕಿಕೊಳ್ಳುತ್ತಾನೆ. ಎದೆನೋವಿಗೆ ಹತ್ತು ನಿಮಿಷದೊಳಗೆ ಇಸಿಜಿ, ಆಮ್ಲಜನಕ ಇಂತಿಷ್ಟಕ್ಕಿಂತ ಇಳಿದರೆ ಮಾಸ್ಕ್, ಸಕ್ಕರೆ ಇಳಿದರೆ ಗ್ಲೂಕೋಸ್ ಎಂದು ವಿಭಾಗದ ಮುಖ್ಯಸ್ಥರೂ ನರ್ಸಿಂಗ್ ಸೂಪರಿಂಟೆಂಡೆಂಟರೂ ಕೂತು ಬರೆದು ಇಬ್ಬರೂ ಸಹಿ ಮಾಡಿದ ಕ್ರಮವಿದ್ದರೆ, ಅದರಂತೆ ನಡೆದ ನರ್ಸಿಗೂ ರಕ್ಷಣೆ, ಡಾಕ್ಟರಿಗೂ ರಕ್ಷಣೆ. ಎರಡನೆಯ ಆಕ್ಷೇಪ ಶಿಕ್ಷಣದ್ದು. ಊರಿಗೊಂದು ನರ್ಸಿಂಗ್ ಕಾಲೇಜು ಹುಟ್ಟಿ, ರೋಗಿಗಳಿಲ್ಲದ ಆಸ್ಪತ್ರೆ ತೋರಿಸಿ ಪ್ರಮಾಣಪತ್ರ ಕೊಡುವ ಕಡೆ ಹೊಸ ನರ್ಸಿನ ತೀರ್ಮಾನವನ್ನು ಹೇಗೆ ನಂಬುವುದು ಎಂಬ ಪ್ರಶ್ನೆ ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಒಂದಾದ ಕರ್ನಾಟಕದವರು ಕೇಳಿಕೊಳ್ಳಲೇಬೇಕಾದ್ದು. ಉತ್ತರವೂ ಸ್ಪಷ್ಟ: ಅಧಿಕಾರವನ್ನು ಹುದ್ದೆಗೆ ಕೊಡಬಾರದು, ಪರೀಕ್ಷಿಸಿದ ಕೌಶಲಕ್ಕೆ ಕೊಡಬೇಕು. ತುರ್ತು ಮತ್ತು ವಿಪತ್ತು ಶುಶ್ರೂಷೆಗೆಂದೇ ಒಂದು ವರ್ಷದ ಡಿಪ್ಲೊಮಾ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿದೆ. ಅದನ್ನು ಮುಗಿಸಿದವರಿಗೆ ಬಾಗಿಲ ಬಳಿಯ ಜವಾಬ್ದಾರಿ, ಅದಕ್ಕೆ ತಕ್ಕ ಸಂಬಳ ಸಿಗದಿದ್ದರೆ ಓದುವವರು ಯಾರು?

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದದ್ದು. ಒಬ್ಬ ನರ್ಸಿಗೆ ಹತ್ತಾರು ರೋಗಿಗಳಿರುವ ಕಡೆ ಹೊಂದಾಣಿಕೆಯ ಮಾತೇ ಸುಳ್ಳು. ಮೊದಲು ಜನ ಕೊಡಿ ಎನ್ನುತ್ತಾರೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಮಂಚಕ್ಕೆ ಒಬ್ಬ ನರ್ಸ್ ಇರಬೇಕೆಂಬ ನರ್ಸಿಂಗ್ ಪರಿಷತ್ತಿನ ಅಳತೆ ಕಾಗದದಲ್ಲೇ ಉಳಿದಿರುವುದನ್ನು ಯಾವ ಸರ್ಕಾರಿ ವಾರ್ಡಿಗೆ ಹೋದರೂ ಕಾಣಬಹುದು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ ಅಂಕಿಅಂಶ ಜೋಡಿಸಿದ ಅಧ್ಯಯನ, ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಚಿಕಿತ್ಸೆಯಾದವರು ತಿಂಗಳೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು ಏರುತ್ತದೆಂದು ತೋರಿಸಿತು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದು ನನ್ನ ವಾದಕ್ಕೆ ಎದುರಾದದ್ದಲ್ಲ. ನರ್ಸಿನ ತೀರ್ಮಾನ ದಾಖಲೆಯಲ್ಲಿ ಎಲ್ಲಿಯೂ ಕಾಣದಿರುವುದರಿಂದಲೇ ಆಕೆ ಬರಿಯ ಕೈಗಳ ಲೆಕ್ಕವಾಗಿ ಉಳಿದಿದ್ದಾಳೆ. ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದು ಅಂಥ ಲೆಕ್ಕಕ್ಕೇ. ಬರೆದ ಕ್ರಮವೊಂದೇ ಸಾಕೆಂದೂ ನಾನು ಹೇಳಲಾರೆ. 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನವದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ತಂಡವೆಲ್ಲ ಕೂಡಿ ಗಟ್ಟಿಯಾಗಿ ಓದುವ ಪರಿಶೀಲನಾ ಪಟ್ಟಿ ತಂದಾಗ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು, ಅದೇ ಬಗೆಯ ಪಟ್ಟಿಯನ್ನು ಕೆನಡಾದ ಒಂಟಾರಿಯೊ ಪ್ರಾಂತದ ಆಸ್ಪತ್ರೆಗಳು ಸರ್ಕಾರದ ಒತ್ತಾಯಕ್ಕೆ ತಂದಾಗ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲವೆಂದು 2014ರಲ್ಲಿ ತಿಳಿದುಬಂತು. ನಿಲ್ಲಿ, ಏನೋ ತಪ್ಪುತ್ತಿದೆ ಎಂದು ನರ್ಸ್ ಹೇಳಿದಾಗ ಎಲ್ಲರೂ ನಿಲ್ಲುವ ಪರಿಪಾಠ ಇಲ್ಲದ ಕಡೆ ಪಟ್ಟಿ ಕಾಗದವೇ. ಆ ಪರಿಪಾಠ ಇರುವ ಕಡೆ ಪಟ್ಟಿ ಅದನ್ನು ಕಾಯುತ್ತದೆ, ಡಾಕ್ಟರು ಬದಲಾದರೂ ಉಳಿಸುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ವಿಜಯವಾಡದಲ್ಲಿ 1986ರಿಂದಲೂ ಒಂದು ಆರೋಗ್ಯ ವಿಶ್ವವಿದ್ಯಾಲಯವಿದೆ, ಬೆಂಗಳೂರಿನಲ್ಲಿ 1996ರಿಂದ ಇನ್ನೊಂದಿದೆ. ಆಯಾ ರಾಜ್ಯದಲ್ಲಿ ವೈದ್ಯಕೀಯದ ಪರೀಕ್ಷೆಯನ್ನೂ ನರ್ಸಿಂಗ್ ಪರೀಕ್ಷೆಯನ್ನೂ ನಡೆಸುವುದು ಅದೇ ವಿಶ್ವವಿದ್ಯಾಲಯ. ಹಾಗಿದ್ದ ಮೇಲೆ ಒಂದು ದಿನವಾದರೂ ಈ ಎರಡೂ ಓದಿನ ವಿದ್ಯಾರ್ಥಿಗಳು ಒಂದೇ ಬೊಂಬೆಯ ಎದೆ ಒತ್ತುತ್ತ, ಒಬ್ಬರ ಮಾತನ್ನು ಇನ್ನೊಬ್ಬರು ತಿರುಗಿ ಹೇಳಿ ಖಚಿತಪಡಿಸುತ್ತ, ತುರ್ತಿನ ಪಾಠವನ್ನು ಒಟ್ಟಿಗೆ ಕಲಿಯುವುದು ಕಡ್ಡಾಯವಾಗಬೇಕು. ಪ್ರತಿ ತುರ್ತು ವಿಭಾಗದಲ್ಲೂ ಟ್ರಯಾಜ್ ನರ್ಸಿನ ಹುದ್ದೆ, ಆಕೆ ಬರೆದ ಸಮಯ ಮತ್ತು ತೀರ್ಮಾನಕ್ಕೆ ಕೇಸ್ ಶೀಟಿನ ಮೊದಲ ಪುಟದಲ್ಲಿ ಆಕೆಯ ಹೆಸರಲ್ಲೇ ಜಾಗ ಇರಬೇಕು. ಸಾವಾದಾಗ ನಡೆಯುವ ಪರಾಮರ್ಶೆಯಲ್ಲಿ ನರ್ಸಿಗೂ ಡಾಕ್ಟರಿನಷ್ಟೇ ಮಾತಿನ ಹಕ್ಕಿರಬೇಕು. ಇಂದ್ರಕೀಲಾದ್ರಿಯ ದಸರೆಯಂಥ, ತಿಥಿ ನಕ್ಷತ್ರ ಸಮೇತ ಮುಂಚೆಯೇ ಗೊತ್ತಿರುವ ಜನಸಾಗರ ಇದನ್ನೆಲ್ಲ ಪ್ರಯೋಗಿಸಿ ತಿದ್ದಿಕೊಳ್ಳಲು ವರ್ಷಕ್ಕೊಮ್ಮೆ ಸಿಗುವ ಅವಕಾಶ; ನಮ್ಮ ಮೈಸೂರಿನ ದಸರೆಗೂ ಇದೇ ಮಾತು ಸಲ್ಲುತ್ತದೆ. ಇವುಗಳಲ್ಲಿ ಯಾವುದಕ್ಕೂ ದುಬಾರಿ ಯಂತ್ರ ಬೇಕಿಲ್ಲ. ಬೇಕಾಗಿರುವುದು ಮದ್ರಾಸ್ ಆಡಳಿತದಿಂದ ಬಂದ ಎರಡು ಪಟ್ಟಿಗಳ ನಡುವೆ, ಇಬ್ಬರೂ ಸಹಿ ಹಾಕಿದ ಮೂರನೆಯದೊಂದು ಪಟ್ಟಿ. 1989ರಲ್ಲಿ ಸುಪ್ರೀಂ ಕೋರ್ಟು ಜೀವ ಮೊದಲು, ಕಾಗದ ಆಮೇಲೆ ಎಂದಿತು. ಆ ಜೀವವನ್ನು ಮೊದಲು ಮುಟ್ಟುವ ಕೈಗೆ ಕಾಗದದಲ್ಲಿ ಸ್ಥಾನ ಕೊಡುವವರೆಗೆ ಆ ತೀರ್ಪಿನ ಅರ್ಧ ಭಾಗ ಜಾರಿಗೆ ಬರದೆ ಬಾಕಿ ಇದೆ.